ಏನೂ ಕೇಳದ ಬಾಗಿಲು

ನಮ್ಮ ಚರ್ಚಿನ ಬಾಗಿಲ ಹಿಂಭಾಗದಲ್ಲಿ, ಬಂದವರಿಗೆ ಕಾಣದ ಹಾಗೆ, ಒಂದು ಹಾಳೆ ಅಂಟಿಸಿತ್ತು. ಹೊಸಬರ ಹೆಸರು ಕೇಳಬಾರದು. ದೇವರನ್ನು ನಂಬುತ್ತೀರಾ ಎಂದು ಕೇಳಬಾರದು. ಯಾಕೆ ಬಂದಿರಿ ಎಂದಂತೂ ಕೇಳಲೇಬಾರದು. ನಗುಮುಖದಿಂದ ಕರೆದು, ಕಾಫಿ ಕೊಟ್ಟು, ಕೂರಿಸಿ, ಅವರ ಪಾಡಿಗೆ ಅವರನ್ನು ಬಿಡಬೇಕು. ಬರೆದವರು ಪಾದ್ರಿಗಳು. ಒಂದಕ್ಷರ ತಪ್ಪದೆ ಪಾಲಿಸಿದವಳು ನಾನು. ವಾರಕ್ಕೆ ಆರು ದಿನ ನನಗೆ ಹೊಲಿಗೆ ಯಂತ್ರ, ಭಾನುವಾರ ಆ ಬಾಗಿಲು.

ಪಾದ್ರಿಗಳು ವಯಸ್ಸಿನಲ್ಲಿ ನನ್ನ ಮಗನಂತಿದ್ದರು. ಎಲ್ಲೋ ಹತ್ತು ದಿನದ ತರಬೇತಿಗೆ ಹೋಗಿ ಬಂದವರೇ ಚರ್ಚನ್ನು ತಲೆಕೆಳಗು ಮಾಡಿದರು. ನಂಬದವರು ಒಳಗೆ ಬರಬೇಕಾದರೆ ಅವರನ್ನು ಬೆದರಿಸುವಂಥದ್ದು ಏನೂ ಇರಬಾರದು ಎಂಬುದು ಅವರ ವಾದ. ಮರದ ಬೆಂಚುಗಳು ಹೋದವು. ಮುಚ್ಚಿಹೋದ ಸಿನಿಮಾ ಮಂದಿರವೊಂದರಿಂದ ಮೆತ್ತನೆಯ ಕುರ್ಚಿಗಳು ಬಂದವು, ಎದ್ದ ಕೂಡಲೇ ಸೀಟು ಟಪ್ಪೆಂದು ತಾನೇ ಮಡಚಿಕೊಳ್ಳುವಂಥವು. ಅಷ್ಟಕ್ಕೂ ಹೊದಿಕೆ ಹೊಲಿದು ನನ್ನ ಬೆನ್ನು ಬಿದ್ದುಹೋಯಿತು. ಸಾವು, ಪಾಪ, ತೀರ್ಪು ಎಂದೆಲ್ಲ ಬರುವ ಹಾಡುಗಳು ಪುಸ್ತಕದಿಂದ ಮಾಯವಾದವು. ತೀರಿಕೊಂಡವರ ಹೆಸರು ಕೆತ್ತಿದ ಕಲ್ಲಿನ ಮುಂದೆ ಕಾಫಿಯ ಮೇಜು ಬಂತು.

"ಒಟ್ನಲ್ಲಿ ಚರ್ಚಿಗೆ ಬಂದೋರಿಗೆ ಇದು ಚರ್ಚು ಅಂತ ಗೊತ್ತಾಗ್ಬಾರ್ದು, ಅಷ್ಟೇ ತಾನೆ?" ಎಂದು ನಾನು ಕುಟುಕಿದೆ.

ಅವರು ನಕ್ಕರು. "ಮೊದ್ಲು ಬರ್ಲಿ ಅಮ್ಮಾ. ನಿಧಾನಕ್ಕೆ ಗೊತ್ತಾಗತ್ತೆ."

ಕುರ್ಚಿಗೂ ಕಾಫಿಗೂ ನಾನು ಮೂಗು ಮುರಿದೆ. ಆದರೆ ಬಾಗಿಲ ಹಿಂದಿನ ಹಾಳೆಯ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅದಕ್ಕೆ ನನ್ನದೇ ಕಾರಣವಿತ್ತು.

ನನ್ನ ಗಂಡ ದೇವರನ್ನು ನಂಬಿದವರಲ್ಲ. ಮೂವತ್ತೊಂದು ವರ್ಷ ನಾನು ಅವರ ತಲೆ ತಿಂದೆ. ಊಟಕ್ಕೆ ಕೂತಾಗ ಕೇಳುತ್ತಿದ್ದೆ, ಮಲಗಲು ಹೊರಟಾಗ ಕೇಳುತ್ತಿದ್ದೆ, ಯಾಕೆ ನಂಬುವುದಿಲ್ಲ, ಯಾವಾಗ ನಂಬುತ್ತೀರಿ ಎಂದು. ಕೊನೆಯ ದಿನ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಒಂದೇ ಸಮನೆ ಕೇಳಿದೆ. "ಈಗ್ಲಾದ್ರೂ ನಂಬ್ತೀರಾ? ಹೂಂ ಅನ್ನಿ ಸಾಕು." ಅವರು ಹೂಂ ಅಂದರು. ಅಂದು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಮತ್ತೆ ಈ ಕಡೆ ತಿರುಗಲಿಲ್ಲ. ಕೊನೆ ಗಳಿಗೆಯಲ್ಲಾದರೂ ನಂಬಿದರಲ್ಲ ಎಂದು ಚರ್ಚಿನವರೆಲ್ಲ ಸಂತೋಷಪಟ್ಟರು. ಆ ಹೂಂ ದೇವರಿಗೆ ಹೇಳಿದ್ದಲ್ಲ, ನನ್ನ ಬಾಯಿ ಮುಚ್ಚಿಸಲು ಹೇಳಿದ್ದು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಹಾಗಾಗಿ ಯಾರನ್ನೂ ಏನೂ ಕೇಳಬೇಡ ಎಂದು ಪಾದ್ರಿಗಳು ಹೇಳಿದಾಗ, ಯಾರೋ ನನ್ನನ್ನು ಕ್ಷಮಿಸಿದಷ್ಟು ಹಾಯೆನಿಸಿತು.

ಛತ್ರಿಯವರು ಬರಲು ಶುರು ಮಾಡಿದ್ದು ಆಮೇಲೆ. ಮಳೆಯಿರಲಿ ಬಿಸಿಲಿರಲಿ ಕೈಯಲ್ಲೊಂದು ಛತ್ರಿ ಇರುತ್ತಿದ್ದ ಕಾರಣ ನಾನೇ ಇಟ್ಟ ಹೆಸರು ಅದು. ಅರವತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ, ದಪ್ಪ ಕನ್ನಡಕ. ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂರುತ್ತಿದ್ದರು. ಹಾಡುತ್ತಿರಲಿಲ್ಲ, ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಕೊನೆಯ ಹಾಡಿನ ಎರಡನೆಯ ಚರಣಕ್ಕೆ ಸರಿಯಾಗಿ ಎದ್ದು ಹೋಗುತ್ತಿದ್ದರು. ಸೀಟು ಟಪ್ಪೆನ್ನುತ್ತಿತ್ತು. ನಾನು "ಬನ್ನಿ" ಎನ್ನುತ್ತಿದ್ದೆ, "ಹೋಗ್ಬನ್ನಿ" ಎನ್ನುತ್ತಿದ್ದೆ. ಹನ್ನೊಂದು ತಿಂಗಳು ನಮ್ಮ ನಡುವೆ ನಡೆದ ಮಾತು ಅಷ್ಟೇ. ಎಷ್ಟು ಚೆನ್ನಾಗಿ ಸ್ವಾಗತಿಸುತ್ತಿದ್ದೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಅವರು ಎದ್ದು ಹೋಗಲಿಲ್ಲ. ಹಾಡು ಮುಗಿಯಿತು, ಜನ ಕರಗಿದರು, ಕಾಫಿಯ ಲೋಟಗಳನ್ನು ಒಳಗೆ ಒಯ್ದರು. ಆಮೇಲೆ ಅವರು ನಿಧಾನವಾಗಿ ಬಾಗಿಲ ಬಳಿ ಬಂದು ನನ್ನೆದುರು ನಿಂತರು. ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ನಿಮ್ಮ ಹತ್ರ ಒಂದು ವಿಷ್ಯ…" ಎಂದರು.

ಅವರ ತುಟಿ ನಡುಗುತ್ತಿತ್ತು. ನಂಬುತ್ತೇನೆ ಎಂದು ಹೇಳಲು ಯಾರೋ ಬಲವಂತ ಮಾಡಿದ್ದಾರೆ, ಪಾಪ, ಸಂಕೋಚಪಡುತ್ತಿದ್ದಾರೆ ಎಂದುಕೊಂಡೆ. ಗಂಡನ ಮುಖ ಗೋಡೆಗೆ ತಿರುಗಿದ್ದು ಕಣ್ಣ ಮುಂದೆ ಬಂತು.

"ಅಯ್ಯೋ, ನೀವು ಏನೂ ಹೇಳ್ಬೇಕಾಗಿಲ್ಲ," ಎಂದೆ ನಗುತ್ತಾ. "ನಮ್ಮಲ್ಲಿ ಯಾರೂ ಯಾರನ್ನೂ ಏನೂ ಕೇಳಲ್ಲ. ಸುಮ್ನೆ ಬನ್ನಿ, ಕೂತ್ಕೊಳ್ಳಿ, ಹೋಗಿ."

"ಹೌದಾ," ಎಂದರು. ಮೆಟ್ಟಿಲಿಳಿದು ಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಕೊನೆಯ ಹಾಡು ಶುರುವಾಯಿತು. ಎರಡನೆಯ ಚರಣಕ್ಕೆ ಬಂದಾಗ ಹಿಂದಿನ ಸಾಲಿನಿಂದ ಟಪ್ ಎಂದು ಸದ್ದಾಯಿತು. ಅಭ್ಯಾಸಬಲದಿಂದ ನಾನು "ಹೋಗ್ಬನ್ನಿ" ಎಂದುಬಿಟ್ಟೆ. ತಿರುಗಿ ನೋಡಿದರೆ ಆ ಸಾಲಿನಲ್ಲಿ ಒಬ್ಬರೂ ಇಲ್ಲ. ತುದಿಯ ಸೀಟು ಮಾತ್ರ ಇನ್ನೂ ಸಣ್ಣಗೆ ಅಲುಗುತ್ತಿತ್ತು.

ಹಳೆಯ ಕುರ್ಚಿ, ಸ್ಪ್ರಿಂಗು ಸಡಿಲವಾಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಅದರ ಮುಂದಿನ ವಾರ ಪ್ರಾರ್ಥನೆಗೆ ಮೊದಲು ನಾನೇ ಹೋಗಿ ಸೀಟು ಒತ್ತಿ ನೋಡಿ, ಸರಿಯಾಗಿ ಮಡಚಿ ಬಂದೆ. ಪಾದ್ರಿಗಳು ಮಾತಾಡುತ್ತಿದ್ದಾಗ ಕಣ್ಣು ಹಾಯಿಸಿದೆ. ಸೀಟು ಕೆಳಗಿಳಿದಿತ್ತು, ಭಾರ ಹೊತ್ತು ಕೂತಂತೆ. ಎರಡನೆಯ ಚರಣಕ್ಕೆ ಟಪ್. ಬಾಗಿಲ ಬಳಿ ನಿಂತವಳ ಪಕ್ಕದಲ್ಲೇ ಯಾರೋ ಹಾದುಹೋದ ಹಾಗೆ ಗಾಳಿ ಅಲುಗಿತು. ಅಲ್ಲ, ಹಾದುಹೋಗಲಿಲ್ಲ. ನನ್ನೆದುರು ನಿಂತುಕೊಂಡಿತು. ನಾನು ಏನೋ ಹೇಳಲಿ ಎಂದು ಕಾಯುತ್ತಿರುವಷ್ಟು ಹೊತ್ತು ನಿಂತೇ ಇತ್ತು. ನಾನು ಹಲ್ಲು ಕಚ್ಚಿ ನೆಲ ನೋಡಿದೆ.

ಬಡಗಿಯನ್ನು ಕರೆಸಿದೆ. ಅವನು ಕುರ್ಚಿಯನ್ನು ಬಿಚ್ಚಿ, ಎಣ್ಣೆ ಬಿಟ್ಟು, ಹತ್ತು ಸಲ ಕೂತು ಎದ್ದ. "ಇದಕ್ಕೇನೂ ಆಗಿಲ್ಲಮ್ಮಾ, ಎಲ್ಲಕ್ಕಿಂತ ಗಟ್ಟಿ ಇರೋದೇ ಇದು," ಎಂದ. ಮೂರನೆಯ ಭಾನುವಾರವೂ ಅದೇ ಆಯಿತು. ನನಗೆ ನಿದ್ದೆ ಬಿಟ್ಟುಹೋಯಿತು. ಯಾರಿಗಾದರೂ ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಎಂದಾರು ಎಂದು ಸುಮ್ಮನಿದ್ದೆ.

ಆ ವಾರದ ನಡುವೆ ಒಂದು ಬೆಳಿಗ್ಗೆ ನಾನು ಚರ್ಚಿನೊಳಗೆ ಹರಿದ ಹೊದಿಕೆಗೆ ತೇಪೆ ಹಾಕುತ್ತಿದ್ದಾಗ ಪಾದ್ರಿಗಳು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ನಲವತ್ತರ ಆಸುಪಾಸು, ಅತ್ತು ಊದಿದ ಕಣ್ಣು, ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ. ಛತ್ರಿಯವರ ಮಗಳು.

"ನಿನ್ನೆ ಹೋಗ್ಬಿಟ್ರು," ಎಂದಳು. "ಮೂರು ವಾರದಿಂದ ಆಸ್ಪತ್ರೇಲಿದ್ರು. ಭಾನುವಾರ ಬಂದ್ರೆ ಮಾತ್ರ, ನನ್ನ ಎಬ್ಬಿಸಿ ಕೂರ್ಸು ಅಂತ ಹಟ. ಒಂದೂವರೆ ಗಂಟೆ ಸುಮ್ನೆ ಕೂತಿರೋರು. ಆಮೇಲೆ, ಸಾಕು, ಹೊರಡೋಣ ಅನ್ನೋರು."

ಸೂಜಿ ನನ್ನ ಬೆರಳಿಗೆ ಚುಚ್ಚಿತು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅಮ್ಮ ಹೋದ್ಮೇಲೆ ಇಲ್ಲಿಗೆ ಬರೋಕೆ ಶುರು ಮಾಡಿದ್ರು. ಯಾಕಂತ ಗೊತ್ತಿಲ್ಲ. ನಮ್ಮ ಮನೇಲಿ ಯಾರೂ ದೇವ್ರು ದಿಂಡ್ರು ಅಂದೋರಲ್ಲ. ನಮ್ಮಣ್ಣ ಮಧ್ಯಾಹ್ನ ಮೂರಕ್ಕೆ ವಿದ್ಯುತ್ ಚಿತಾಗಾರದಲ್ಲಿ ಮುಗಿಸೋಣ ಅಂತಿದಾನೆ. ಆದ್ರೆ ಅಪ್ಪಂಗೆ ಇಲ್ಲೇ, ನಿಮ್ಮ ಮಣ್ಣಲ್ಲೇ ಇರ್ಬೇಕು ಅಂತಿತ್ತೇನೋ ಅಂತ ನಂಗೆ ಅನ್ಸತ್ತೆ. ಅನ್ಸಿಕೆ ಅಷ್ಟೇ. ಅಣ್ಣ ಅನ್ಸಿಕೆ ಕೇಳಲ್ಲ. ಅವ್ರು ಯಾರಿಗಾದ್ರೂ ಹೇಳಿದ್ರೆ ಒಪ್ತಾನೆ."

ಪಾದ್ರಿಗಳು ನನ್ನ ಕಡೆ ತಿರುಗಿದರು. "ಒಂದು ಮಾತು ಆಡಿದ್ರೂ ಸಾಕು, ನಾವು ಸಮಾಧಿಗೆ ಜಾಗ ಕೊಡ್ತೀವಿ. ಅಮ್ಮಾ, ಬಾಗಿಲಲ್ಲಿದ್ದೋರು ನೀವು. ನಂಬ್ತೀನಿ ಅಂತ ಏನಾದ್ರೂ ಅಂದಿದ್ರಾ?"

ಅವರ ಕಣ್ಣಲ್ಲಿ, ಹೂಂ ಅನ್ನಿ ಎಂಬ ಬೇಡಿಕೆಯಿತ್ತು. ಮಗಳ ಕಣ್ಣಲ್ಲೂ ಅದೇ. ಒಂದು ಹೂಂ ಅಂದಿದ್ದರೆ ಎಲ್ಲರಿಗೂ ನೆಮ್ಮದಿ. ಆ ಸದ್ದು ನನ್ನ ಗಂಟಲವರೆಗೆ ಬಂದಿತ್ತು. ಆದರೆ ಆ ಹೂಂಗೆ ಬೆಲೆ ಎಷ್ಟು ಎಂದು ನನ್ನಷ್ಟು ಬಲ್ಲವರು ಅಲ್ಲಿ ಯಾರಿದ್ದರು? ಜೀವವಿದ್ದವರ ಬಾಯಿಂದ ಒಂದನ್ನು ಕಿತ್ತುಕೊಂಡವಳು ನಾನು. ಸತ್ತವರ ಬಾಯಿಗೆ ಇನ್ನೊಂದನ್ನು ತುರುಕಲೇ?

"ಗೊತ್ತಿಲ್ಲಮ್ಮಾ," ಎಂದೆ. "ಅವ್ರು ಏನೋ ಹೇಳಕ್ಕೆ ಬಂದ್ರು. ನಾನು ಕೇಳ್ಲಿಲ್ಲ."

"ಹನ್ನೊಂದು ತಿಂಗಳು ಬಂದಿದಾರೆ!"

"ಹೌದು."

"ಬಾಗಿಲಲ್ಲಿ ಒಬ್ರು ನಿಂತಿರ್ತಾರೆ, ಅವ್ರ ಹತ್ರ ಹೇಳ್ಬೇಕು ಅಂತಿದ್ರು. ಒಂದು ಭಾನುವಾರ ಹೊಸ ಅಂಗಿ ಹಾಕ್ಕೊಂಡು ಹೋದ್ರು. ಬಂದ್ಮೇಲೆ, ಹೇಳಿದ್ರಾ ಅಪ್ಪಾ ಅಂದೆ. ಹೇಳೋದು ಬೇಕಾಗಿಲ್ವಂತೆ ಅಂದ್ರು."

ಪಾದ್ರಿಗಳು ಮೆಲ್ಲಗೆ ಬಾಯಿ ಹಾಕಿದರು. "ಯಾರಿಗೂ ಮುಜುಗರ ಆಗ್ಬಾರ್ದು ಅಂತ ನಮ್ಮಲ್ಲಿ ಒಂದು ಪದ್ಧತಿ. ಹೊಸಬರು ಹೆದರಿ ಓಡಿಹೋಗ್ಬಾರ್ದಲ್ಲ…"

"ಯಾರೂ ಏನೂ ಕೇಳದ ಮನೆ ನಮ್ಮದೇ ಒಂದಿತ್ತು," ಎಂದಳು ಅವಳು. ದನಿ ಏರಿಸಲೂ ಇಲ್ಲ. "ನಾನೂ ನಮ್ಮಣ್ಣನೂ ಸೇರಿ ಬೇಕಾದಷ್ಟು ಕೇಳ್ದೇ ಇದ್ವಿ. ಅದಕ್ಕೋಸ್ಕರ ಅವ್ರು ಎರಡು ಬಸ್ಸು ಹತ್ತಿ ಇಲ್ಲಿಗೆ ಬರ್ಬೇಕಿತ್ತಾ?"

ಪಾದ್ರಿಗಳು ತಲೆ ತಗ್ಗಿಸಿದರು. ನಂಬದವರು ಸಾವಿನ ಮಾತಿಗೆ ಹೆದರುತ್ತಾರೆ ಎಂದು ಅವರು ಲೆಕ್ಕ ಹಾಕಿದ್ದರು. ಪ್ರಶ್ನೆಗೆ ಹೆದರುತ್ತಾರೆ ಎಂದು ನಾನು. ಹೆದರಿದ್ದು ನಾವೇ.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ಮನೆಯವರಲ್ಲದ ಒಬ್ಬರ ಸಹಿ ಚಿತಾಗಾರದಲ್ಲಿ ಬೇಕಂತೆ, ಬರುತ್ತೀರಾ ಎಂದಳು. ಅಪ್ಪನಿಗೆ ಬೇರೆ ಯಾರೂ ಗೊತ್ತಿರಲಿಲ್ಲ ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಚಿತಾಗಾರದ ಕಚೇರಿ ಒಂದು ಕಿಟಕಿ, ಒಂದು ಬೆಂಚು, ಗೋಡೆಗೆ ಒಂದು ಗಡಿಯಾರ. ಅವಳ ಅಣ್ಣ ಹೊರಗೆ ಶವದ ಗಾಡಿಯ ಬಳಿ ನಿಂತಿದ್ದ. ಕಿಟಕಿಯಾಚೆಯ ಗುಮಾಸ್ತ ಹಾಳೆ ಎಳೆದುಕೊಂಡು ತಲೆಯೆತ್ತದೆ ಕೇಳತೊಡಗಿದ. ಹೆಸರು ಕೇಳಿದ. ವಯಸ್ಸು ಕೇಳಿದ. ಏನು ಕೆಲಸ? ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಿದ್ದರು, ನಲವತ್ತು ವರ್ಷ. ಹೆಂಡತಿ? ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಏನಾಗಿತ್ತು? ಔಷಧದ ಶೀಷೆ ಬದಲಾಗಿತ್ತು, ಕೊಟ್ಟದ್ದು ಅಪ್ಪನೇ, ಎಂದಳು ಮಗಳು. "ಅದರ ಬಗ್ಗೆ ನಾವು ಮನೇಲಿ ಮಾತಾಡ್ಲೇ ಇಲ್ಲ." ಗುಮಾಸ್ತ ಅದನ್ನು ಬರೆದುಕೊಳ್ಳಲಿಲ್ಲ, ಅದಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ. ಅವನು ಕೇಳಿದ್ದು ಈಗ ತೀರಿಕೊಂಡವರ ಕಾಯಿಲೆಯನ್ನು. ಧರ್ಮ? ಮಗಳು ನನ್ನ ಮುಖ ನೋಡಿದಳು. ಅವನು ಒಂದು ಗೆರೆ ಎಳೆದು ಮುಂದೆ ಹೋದ.

ಐದು ನಿಮಿಷ. ಯಾರ ಮೇಲೂ ಅಕ್ಕರೆಯಿಲ್ಲದ ಒಬ್ಬ ಮನುಷ್ಯ ಐದೇ ನಿಮಿಷದಲ್ಲಿ ಕೇಳಿ ಮುಗಿಸಿದ.

"ಸಹಿ ಹಾಕೋರು ಇವ್ರಾ?" ಎಂದು ಅವನು ನನ್ನತ್ತ ನೋಡಿದ. "ನೀವು ಅವ್ರಿಗೆ ಏನಾಗ್ಬೇಕು?"

ಯೋಚಿಸಿದೆ. ಹಿಂದೆ ಜನ ಸಾಲುಗಟ್ಟಿದ್ದರು. ಅವನು ನನಗಾಗಿ ಕಾಯಲಿಲ್ಲ, "ಪರಿಚಯದವರು" ಎಂದು ತಾನೇ ಬರೆದು, ಹಾಳೆಯನ್ನು ಕಿಟಕಿಯಡಿಯಿಂದ ನನ್ನ ಕಡೆಗೆ ತಳ್ಳಿದ.

ಆ ಮಾತಿನ ಕೆಳಗೆ ನಾನು ಸಹಿ ಹಾಕಿದೆ.