ಚೀಲ ಹೊರುವವರು

ಮೇಸ್ತ್ರಿಯ ಶವಪೆಟ್ಟಿಗೆ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿತ್ತು. ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ.

"ಈ ಬಾಗಿಲು ಕೂರಿಸಿದ್ದು ಯಾವ ಪುಣ್ಯಾತ್ಮನೋ?" ಎಂದು ಕಾಲಿನ ಕಡೆ ಹಿಡಿದವನು ಕೂಗಿದ.

"ನಾನೇ ಕಣಯ್ಯ," ಎಂದ ತಲೆಯ ಕಡೆಯಿದ್ದ ಮೊಳೆ. ಅವನ ಒಣಕಲು ಮೈಗೆ ಬಡಗಿ ಮೇಸ್ತ್ರಿ ಇಟ್ಟ ಹೆಸರದು. ಈಗ ಅವನಿಗೇ ಮೊಮ್ಮಕ್ಕಳು. "ನನ್ನ ಮೊದಲನೇ ಬಾಗಿಲು. ಬಿಚ್ಚಿ ಸರಿ ಮಾಡ್ತೀನಿ ಅಂದ್ರೆ ಮೇಸ್ತ್ರಿ ಬೇಡ ಅಂದ್ರು. ಈ ಮನೇಲಿರೋದೆಲ್ಲ ನಾವು ಕಲಿಯೋವಾಗ ಮಾಡಿದ ತಪ್ಪುಗಳೇ ಅಲ್ವಾ!"

"ಮೂವತ್ತು ವರ್ಷ ನಾನು ಓರೆಯಾಗಿ ಓಡಾಡಿದೀನಿ," ಎಂದರು ಮೇಸ್ತ್ರಿಯ ಹೆಂಡತಿ. "ಇವತ್ತು ಅವರೂ ಅನುಭವಿಸ್ಲಿ."

ಅಳುತ್ತಿದ್ದವರು ನಕ್ಕುಬಿಟ್ಟರು.

ಗುಂಪಿನಿಂದ ನಲವತ್ತರ ಹೆಂಗಸೊಬ್ಬಳು ಮುಂದೆ ಬಂದಳು. ಹನ್ನೆರಡು ವರ್ಷ ಹೋಟೆಲಿನಲ್ಲಿ ತಟ್ಟೆ ತೊಳೆದು, ಆಮೇಲೆ ಮೇಸ್ತ್ರಿಯ ಬಳಿ ಕೆಲಸ ಕಲಿತವಳು. ಎಲ್ಲವನ್ನೂ ಮೂರು ಸಲ ಅಳೆಯುತ್ತಿದ್ದುದರಿಂದ ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ಅವಳು ತಿರುಪುಗಳನ್ನು ಬಿಚ್ಚಿ ಬಾಗಿಲನ್ನು ಗೋಡೆಗೆ ಒರಗಿಸಿದಳು. ಪೆಟ್ಟಿಗೆ ಹೊರಬಂತು.

"ಎರಡು ಗಂಟೆಗೆ ನೀನು ಕೆಲಸಕ್ಕೆ ಸೇರ್ಬೇಕಲ್ಲ?" ಎಂದರು ಹೆಂಡತಿ.

"ಹೋಗಲ್ಲಮ್ಮ. ಅವರಿಲ್ದೆ ನನ್ನ ಯಾರು ಒಳಗೆ ಬಿಡ್ತಾರೆ?"

*

ಆ ಊರಿನಲ್ಲಿ ಕೆಲಸ ಸಿಗುತ್ತಿದ್ದುದು ಒಳಗೊಬ್ಬ ಮಾವನೋ ಚಿಕ್ಕಪ್ಪನೋ ಇದ್ದವರಿಗೆ. ಯಾರೂ ಇಲ್ಲದವರು ಮೇಸ್ತ್ರಿಯ ಬಳಿ ಬರುತ್ತಿದ್ದರು. ಕಲಿತಾದ ಮೇಲೆ, ಕೆಲಸದ ಮೊದಲ ದಿನ, ಕಲಿತವರ ಉಪಕರಣದ ಚೀಲವನ್ನು ಮೇಸ್ತ್ರಿ ತಾವೇ ಹೆಗಲಿಗೇರಿಸಿ ಕಾರ್ಖಾನೆಯ ಗೇಟಿನವರೆಗೆ ಹೊರುತ್ತಿದ್ದರು. ಕಲಿತವರು ಬರಿಗೈಯಲ್ಲಿ ಮುಂದೆ ನಡೆಯಬೇಕು. ಶಿಫಾರಸು ಎಂದರೆ ಅಷ್ಟೇ.

ಕುರ್ಚಿ ಕಾರ್ಖಾನೆಯ ಧಣಿ ಕಳೆದ ವಾರ ತಲೆ ಕೆರೆದುಕೊಂಡಿದ್ದ. "ಹೆಂಗಸ್ರನ್ನ ಇದುವರೆಗೂ ತಗೊಂಡಿಲ್ಲ ಮೇಸ್ತ್ರಿ."

"ತಪ್ಪು ತಿದ್ಕೊಳೋಕೆ ತಡವೇನಾಗಿಲ್ಲ."

"ಚೀಲ ನೀವೇ ತರ್ತೀರಾ?"

"ತರ್ತೀನಿ."

"ಸೋಮವಾರ, ಎರಡು ಗಂಟೆ ಪಾಳಿ. ನೀವು ಬರ್ಲಿಲ್ಲ ಅಂದ್ರೆ ಆ ಜಾಗಕ್ಕೆ ನಮ್ಮ ಭಾವಮೈದ ಕಾಯ್ತಾ ಇದಾನೆ."

ಭಾನುವಾರ ಬೆಳಿಗ್ಗೆ, ಚಹಾಕ್ಕೆ ಸಕ್ಕರೆ ಸಾಲದು ಎಂದು ಗೊಣಗುತ್ತಲೇ ಮೇಸ್ತ್ರಿ ಹೋಗಿಬಿಟ್ಟಿದ್ದರು.

*

ಸ್ಮಶಾನದಲ್ಲಿ ಗುಂಡಿ ಮುಚ್ಚಿದಾಗ ಗಂಟೆ ಒಂದೂವರೆ.

"ಚೀಲ ಎಲ್ಲಿ?" ಎಂದರು ಹೆಂಡತಿ.

"ಅಮ್ಮ, ಇವತ್ತು ಬೇಡ..."

"ಅವರು ಕೊಟ್ಟ ಮಾತು ಇವತ್ತಿಂದು. ತರಿಸು."

ಚೀಲ ಬಂತು. ಮೊಳೆ ಕೈ ಚಾಚಿದ. "ನಾನು ಹೊರ್ತೀನಿ, ನಾನೇ ಹಿರಿಯ."

"ನಿನ್ನ ಹಿರಿತನ ಬಾಗಿಲಲ್ಲೇ ಗೊತ್ತಾಯ್ತು, ಸುಮ್ನಿರು," ಎಂದು ಅವರು ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡರು.

ಅಳತೆಯಮ್ಮ ಬರಿಗೈಯಲ್ಲಿ ಮುಂದೆ ನಡೆದಳು. ಹಿಂದೆ ಅವರು. ಅವರ ಹಿಂದೆ, ಕಾಲಿಗೆ ಇನ್ನೂ ಮಣ್ಣು ಮೆತ್ತಿದ್ದ, ಮೇಸ್ತ್ರಿಯ ಬಳಿ ಕಲಿತ ಅರವತ್ತು ಜನ. ಯಾರೂ ಮನೆಗೆ ಹೋಗಲಿಲ್ಲ.

ಗೇಟಿನಲ್ಲಿದ್ದ ಧಣಿ ಗಾಬರಿಯಿಂದ ಟೋಪಿ ತೆಗೆದ. "ಮೇಸ್ತ್ರೀನ ಇಲ್ಲಿಗ್ಯಾಕೆ ತಂದ್ರಿ?"

"ಅವರನ್ನ ಮಲಗಿಸಿ ಬಂದ್ವಿ. ಇದು ಚೀಲ. ಎರಡಕ್ಕೆ ಇನ್ನೂ ಐದು ನಿಮಿಷ ಇದೆ."

"ಮೇಸ್ತ್ರಿ ಬರ್ಬೇಕು ಅಂದಿದ್ದೆನಲ್ಲಮ್ಮ..."

ಅವರು ಹಿಂದಕ್ಕೆ ಕೈ ತೋರಿಸಿದರು. "ಬಂದಿದಾರೆ. ಎಣಿಸ್ಕೊಳಿ."

ಧಣಿ ನೋಡಿದ. ಅರ್ಧಕ್ಕರ್ಧ ಅವನ ಕೆಲಸಗಾರರೇ. ಒಳಗೆ ಕೂತಿದ್ದ ಭಾವಮೈದನ ಕಡೆ ತಿರುಗಿ ಕೂಗಿದ: "ಲೋ, ಆ ಬೆಂಚು ಬಿಟ್ಟು ಏಳೋ!"

ಅಳತೆಯಮ್ಮ ಚೀಲ ತೆಗೆದುಕೊಂಡು ಒಳಗೆ ಹೋದಳು. ಗೇಟು ಮುಚ್ಚಿತು.

ಅರವತ್ತು ಜನ ಗೋಡೆಯುದ್ದಕ್ಕೂ ಕಿವಿಗೊಟ್ಟು ನಿಂತರು. ಸ್ವಲ್ಪ ಹೊತ್ತಿಗೆ ಒಳಗೊಂದು ಗರಗಸ ಶುರುವಾಯಿತು. ಮೊಳೆ ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಗರಗಸ ಎಲ್ಲೂ ಕಚ್ಚಿಕೊಳ್ಳದೆ ಹೋಗಿ ಬಂತು, ಹೋಗಿ ಬಂತು. ಬೀದಿಯಲ್ಲಿ ಅರವತ್ತು ಬಲಭುಜಗಳು, ತಮಗೇ ಗೊತ್ತಿಲ್ಲದೆ, ಅದರ ಜೊತೆ ಹಿಂದೆ ಮುಂದೆ ಆಡುತ್ತಿದ್ದವು.