ಅಂಚೆಚೀಟಿಯಷ್ಟು ಮುಖ

ಶ್ರೀಶೈಲನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿಯುತ್ತಿದ್ದಾಗಲೇ ಮಗಳು ರೇಣು ಮೊಬೈಲ್ ಹಿಡಿದು ಒಳಗೆ ಬಂದಳು. ಶ್ರದ್ಧಾಂಜಲಿ ಬ್ಯಾನರಿಗೆಂದು ಕಳಿಸಿದ್ದ ಅಪ್ಪನ ಮದುವೆಯ ಫೋಟೋವನ್ನು ಸವದತ್ತಿಯ ಅಂಗಡಿಯವನು ವಾಪಸ್ ಕಳಿಸಿದ್ದ. ದೊಡ್ಡದು ಮಾಡಿದರೆ ಮುಖವೆಲ್ಲ ಚೌಕ ಚೌಕವಾಗಿ ಒಡೆಯುತ್ತದಂತೆ, ಅಸಲು ಫೋಟೋ ಬೇಕಂತೆ.

ಅಸಲು ಎಲ್ಲಿಂದ ಬರಬೇಕು? ಹದಿನೆಂಟು ವರ್ಷ ಬೈಲಹೊಂಗಲದ ಸ್ಟುಡಿಯೋದಲ್ಲಿ ಊರ ಮಂದಿಯ ಮುಖ ತಿದ್ದಿದವನು ಮೊಬೈಲಿಗೂ ತನ್ನ ಮುಖ ಕೊಟ್ಟವನಲ್ಲ. ಇದ್ದವು ಮದುವೆಯವು ಮಾತ್ರ. ಆಲ್ಬಂ ಆಮೇಲೆ ಮಾಡಿಸಿದರಾಯಿತೆಂದು ಅವು ಸ್ಟುಡಿಯೋದ ಕಂಪ್ಯೂಟರಿನಲ್ಲೇ ಉಳಿದು ಹಾಳಾಗಿದ್ದವು. ಹಾಳು ಮಾಡಿದವನು ಗಂಡನೇ ಎಂದು ಹೆಂಡತಿ ಮಂಜುಳಾ ನಾಲ್ಕು ವರ್ಷ ಅವನ ಜೀವ ತಿಂದಿದ್ದಳು.

*

ನಾಲ್ಕು ವರ್ಷದ ಹಿಂದೆ ಸ್ಟುಡಿಯೋದ ಕಂಪ್ಯೂಟರ್ ತುಂಬಿಹೋಗಿತ್ತು. ಹಳೇ ಫೋಟೋ ಎಲ್ಲ ಸಣ್ಣವು ಮಾಡಿ ಜಾಗ ತೆಗಿ ಎಂದ ಮಾಲೀಕ ರಾಮಲಿಂಗಪ್ಪ. ಶ್ರೀಶೈಲ ಒಂದೊಂದೇ ಫೋಟೋ ತೆರೆದು ಕೂಡುವವನಲ್ಲ. ಕರಿ ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಫೋಲ್ಡರಿಗೆ ಫೋಲ್ಡರೇ ಸಣ್ಣದಾಗುತ್ತಿತ್ತು. ಆದರೆ ಸಣ್ಣವನ್ನು ಇಡಲು ಬೇರೆ ಫೋಲ್ಡರ್ ತೋರಿಸಬೇಕು. ಇಲ್ಲದಿದ್ದರೆ ಅವು ಅಸಲಿನ ಮೇಲೇ ಬಂದು ಕೂಡುತ್ತವೆ, ಅಸಲು ಮತ್ತೆ ಸಿಗುವುದಿಲ್ಲ. ಜಾಗವೇ ಇಲ್ಲ, ಇನ್ನೊಂದು ಡಿಸ್ಕ್ ತರಿಸ್ರಿ ಎಂದು ಅವನು ಗೋಗರೆದ.

“ಹಳೇ ಫೋಟೋ ಯಾರ ಕೇಳತಾರೋ? ಒತ್ತು,” ಎಂದ ರಾಮಲಿಂಗಪ್ಪ.

ಒತ್ತಿದ. ಮಧ್ಯಾಹ್ನದ ಊಟದೊಳಗೆ ಹನ್ನೊಂದು ಸಾವಿರ ಫೋಟೋ ಅಂಚೆಚೀಟಿಯಷ್ಟಾದವು. ಗಿರಾಕಿಗಳು ಜಗಳಕ್ಕೆ ಬಂದಾಗ ರಾಮಲಿಂಗಪ್ಪ ಶ್ರೀಶೈಲನ ಕಡೆ ಬೆರಳು ಮಾಡಿದ. ಕೆಲಸವೂ ಹೋಯಿತು. ಉಪ್ಪು ತಿಂದ ಮನೆ ಎಂದುಕೊಂಡನೋ ಏನೋ, ಪುಣ್ಯಾತ್ಮ ಹೆಂಡತಿಯ ಮುಂದೂ ತುಟಿ ಬಿಚ್ಚಲಿಲ್ಲ.

*

ಈಗ ಹಾರ ಹಿಡಿದು, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ರಾಮಲಿಂಗಪ್ಪನೇ ಬಂದ. ಫೋಟೋದ ಸಂಗತಿ ಕೇಳಿ ಮಂಜುಳಾಳ ಹತ್ತಿರ ಕೂತ.

“ಚಿಂತಿ ಮಾಡಬ್ಯಾಡವಾ. ಈಗ ಒಂದು ಹೊಡೀತೇನಿ. ಕಂಪ್ಯೂಟರಿನ್ಯಾಗ ಕಣ್ಣು ತೆರಸ್ತೇನಿ, ಜೀವಂತ ಇದ್ದಂಗ ಕಾಣತಾನ.” ಆಮೇಲೆ ದನಿ ತಗ್ಗಿಸಿದ. “ಅಂವಾ ಡಿಸ್ಕ್ ತರಸ್ರಿ ಅಂದಿದ್ದ. ನಾನ ಕೇಳಲಿಲ್ಲ. ಒತ್ತು ಅಂದೆ.”

ಮಂಜುಳಾ ಗಂಡನ ಕೈ ನೋಡಿದಳು. ನಿಮ್ಮ ಕೈ ಸೇದಿ ಹೋಗ್ಲಿ ಎಂದು ಮೊನ್ನೆ ಸೋಮವಾರವೂ ಬೈದಿದ್ದಳು. ಅವನು ರೊಟ್ಟಿ ಮುರಿಯುತ್ತಿದ್ದ.

“ಇಷ್ಟು ಮಂದಿ ಕುಂತಾರ,” ಎಂದಳು. “ಜೋರಾಗಿ ಹೇಳ್ರಿ.”

ರಾಮಲಿಂಗಪ್ಪ ಎದ್ದು, ಬೆಳಕು ಹೋಗತೈತಿ ಎನ್ನುತ್ತ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ಮಂದಿ ಬದಿಗೆ ಸರಿದರು. ಮಂಜುಳಾ ಸರಿಯಲಿಲ್ಲ. ಗಂಡನೆದುರು ಮಂಡಿಯೂರಿ, ಅವನ ತಣ್ಣಗಿನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ರೇಣು ಕರೆದರೂ ಏಳಲಿಲ್ಲ.

ಕ್ಯಾಮೆರಾ ಕ್ಲಿಕ್ ಎಂದಿತು. ಫೋಟೋದ ತುಂಬ ಬಂದದ್ದು ಅವಳ ಬೆನ್ನು, ಕುಪ್ಪಸದ ಹೊಲಿಗೆ ಎಣಿಸುವಷ್ಟು ಸ್ವಚ್ಛ.