ಹಳದಿ ಬೂಟಿನವನ ಕಾಫಿ

ಸದಾನಂದ ಪುಸ್ತಕ ತೆರೆದು ಮೊದಲ ಪುಟ ನೋಡಿದ. ಇನ್ನೊಂದು ಪುಟ ತಿರುವಿದ. ಆಮೇಲೆ ಪುಸ್ತಕ ಮುಚ್ಚಿ, ರಟ್ಟಿನ ಮೇಲಿನ ಬಣ್ಣದ ಚಿತ್ರವನ್ನೂ ಹೊಲಿದ ಬದಿಯನ್ನೂ ಬೆರಳಿನಿಂದ ಮುಟ್ಟಿ ನೋಡಿದ.

"ರಾಜೀವಕ್ಕ, ಇದೆಂತ? ಸುರುವಿಗೇ ಕಳ್ಳರನ್ನು ಹಿಡಿದಾಯ್ತಲ್ಲ. ಇನ್ನು ನಾನು ಓದುದು ಎಂತದ್ದು?"

ರಾಜೀವಿ ಪುಸ್ತಕ ಕಸಿದುಕೊಂಡಳು. ಒಂದಲ್ಲ, ಹೊಸದಾಗಿ ಬೈಂಡ್ ಆಗಿ ಬಂದಿದ್ದ ಅಷ್ಟೂ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಎಲ್ಲದರಲ್ಲೂ ಮುಖಚಿತ್ರ ಹಿಂದಿನ ರಟ್ಟಿಗೆ ಅಂಟಿಕೊಂಡಿತ್ತು. ಮುಂದಿನ ರಟ್ಟು ಬೋಳು.

"ನೂರಜಹಾನ, ಇದೆಂತ ಮಾಡಿಟ್ಟಿದ್ದಿ ಮಾರಾಯ್ತಿ?"

ನೂರಜಹಾನ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಮಡಿಲಲ್ಲಿ ಸೂಜಿ ದಾರ ಇಟ್ಟುಕೊಂಡು ಕೂತಿದ್ದಳು. ಮೂರು ಮಾತಿಗೆ ಒಂದು ಉತ್ತರ ಕೊಡುವ ಹುಡುಗಿ ಅವಳು. ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು.

ಕುರ್ಲಾ ಸ್ಟೇಷನ್ನಿನ ಬಳಿಯ ಆ ಚಾಳಿನಲ್ಲಿ, ಮೆಟ್ಟಿಲ ಕೆಳಗಿನ ಜಾಗವೇ ರಾಜೀವಿಯ ಅಂಗಡಿ. ಗಂಡ ಬಿಟ್ಟುಹೋದದ್ದು ಇಂಗ್ಲಿಷ್ ಕಾಮಿಕ್ಸುಗಳ ಒಂದು ಕಪಾಟು. ಅದನ್ನೇ ಬಾಡಿಗೆಗೆ ಕೊಟ್ಟು ಅವಳು ಬದುಕುತ್ತಿದ್ದಳು. ಹಾರುವವರು, ಗೋಡೆ ಒಡೆಯುವವರು, ಮುಸುಕು ಹಾಕಿದವರು. ರಾಜೀವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಯಾವುದು ಚೆನ್ನಾಗಿದೆ ಎಂದು ಓದಿದವರೇ ಹೇಳಬೇಕು. ಅದಕ್ಕೆ ಅವಳು ಒಂದು ಪದ್ಧತಿ ಮಾಡಿದ್ದಳು. ಕಪಾಟಿನ ಮುಂದೆ ಬಟ್ಟೆ ಒಣಗಿಸುವ ದಾರ ಕಟ್ಟಿದ್ದಳು. ಓದಿ ಮೆಚ್ಚಿದವರು ಪುಸ್ತಕವನ್ನು ಕ್ಲಿಪ್ಪು ಹಾಕಿ ಆ ದಾರಕ್ಕೆ ಸಿಕ್ಕಿಸಬೇಕು. ಮೆಚ್ಚದಿದ್ದರೆ ಕಪಾಟಿಗೆ. ಹೊಸಬರು ಬಂದರೆ ಮೊದಲು ದಾರವನ್ನೇ ನೋಡುತ್ತಿದ್ದರು. ದಾರದಲ್ಲಿ ಎಂದೂ ತಪ್ಪದೆ ತೂಗುತ್ತಿದ್ದವನು ಹಳದಿ ಬೂಟಿನವನು ಎಂಬ ವೀರ. ಅವನ ನಿಜವಾದ ಹೆಸರು ಏನೋ, ಕುರ್ಲಾದಲ್ಲಿ ಅವನಿಗೆ ಅದೇ ಹೆಸರು.

ಈ ಸಲದ ಮಳೆಗೆ ಚಾಳಿನೊಳಗೆ ನೀರು ನುಗ್ಗಿ ಕಪಾಟಿನ ಕೆಳಗಿನ ಸಾಲೆಲ್ಲ ನೆನೆಯಿತು. ಪಿನ್ನುಗಳು ತುಕ್ಕು ಹಿಡಿದು ಹಾಳೆಗಳು ಬಿಚ್ಚಿಕೊಂಡವು. ಎದುರಿನ ಖೋಲಿಯ ಹಜರತಬಿಯ ಮಗಳು ನೂರಜಹಾನ ಕಾಗದದ ಪೊಟ್ಟಣ ಅಂಟಿಸುತ್ತಾಳೆ, ಅವಳ ಕೈಯ ಅಂಟು ಬಿಡುವುದಿಲ್ಲ ಎಂದು ಗೊತ್ತಿದ್ದ ರಾಜೀವಿ ಆ ಹಾಳೆಗಳನ್ನು ಅವಳಿಗೆ ಕೊಟ್ಟಳು. "ಇದನ್ನು ದಪ್ಪ ಪುಸ್ತಕ ಮಾಡಿ ಕೊಡು. ಚಂದ ಆದ್ರೆ ಇಲ್ಲೇ ನನ್ನೊಟ್ಟಿಗೆ ಕೂತುಕೋ. ನಾನೇ ನಿನ್ನ ಅಮ್ಮನಿಗೆ ಹೇಳ್ತೇನೆ" ಎಂದಿದ್ದಳು.

ಹಜರತಬಿ ಆಗಲೇ ಮಗಳಿಗೆ ಪವಾಯಿಯ ಕ್ವಾರ್ಟರ್ಸಿನಲ್ಲಿ ಮನೆಗೆಲಸ ನೋಡಿಟ್ಟಿದ್ದಳು. ಅಲ್ಲೇ ಇರಬೇಕು, ಅಲ್ಲೇ ಮಲಗಬೇಕು. ಗೊತ್ತಿಲ್ಲದವರ ಮನೆಯಲ್ಲಿ ಕರೆದಾಗಲೆಲ್ಲ ಓಗೊಡಬೇಕು ಎನ್ನುವುದನ್ನು ನೆನೆದರೇ ನೂರಜಹಾನಳಿಗೆ ಭಯವಾಗುತ್ತಿತ್ತು. ಅದಕ್ಕೇ ಅವಳು ಹಾಳೆಗಳನ್ನು ಒಣಗಿಸಿ, ಚಿತ್ರ ನೋಡಿ ನೋಡಿ ಕೂಡಿಸಿ, ಮೈದಾ ಅಂಟಿನಲ್ಲಿ ಹುಳ ಹಿಡಿಯದಂತೆ ತುಸು ಮೈಲುತುತ್ತ ಬೆರೆಸಿ, ಜೀವ ಇಟ್ಟು ಮಾಡಿದ್ದಳು.

"ಕೇಳಿದ್ದಕ್ಕೆ ಹೇಳು" ಎಂದಳು ರಾಜೀವಿ. "ಕಣ್ಣು ಎಲ್ಲಿತ್ತು ನಿಂದು?"

"ನಮ್ಮ ಸಾಲ್ಯಾಗ ಪುಸ್ತಕ ಈ ಕಡಿಂದನ ತೆಗೀತಿದ್ವಿರೀ ಅಕ್ಕಾ." ನೂರಜಹಾನಳ ಕೈ ಗಾಳಿಯಲ್ಲಿ ಒಂದು ರಟ್ಟನ್ನು ಎಡದಿಂದ ಬಲಕ್ಕೆ ತೆರೆಯಿತು. ನಾಲ್ಕನೆಯ ಇಯತ್ತೆಯವರೆಗೆ ಅವಳು ಓದಿದ್ದು, ಬಲದಿಂದ ಎಡಕ್ಕೆ ಓದುವ ಉರ್ದು ಶಾಲೆಯಲ್ಲಿ.

ಸದಾನಂದ ನಗಲು ಸುರು ಮಾಡಿದ. ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ವೇಟರ್ ಅವನು. ವಾರದ ರಜೆಗೆ ತಪ್ಪದೆ ಲೋಕಲ್ ಹಿಡಿದು ಇಲ್ಲಿಗೆ ಬರುತ್ತಿದ್ದ. ರಾತ್ರಿಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ಈ ಪುಸ್ತಕಗಳ ಮೇಲೆಯೇ ಖರ್ಚು ಮಾಡುತ್ತಿದ್ದ. "ಹಾಗಾದ್ರೆ ನೀನು ಇಷ್ಟು ದಿನ ಕತೆ ಎಲ್ಲ ಉಲ್ಟಾ ನೋಡಿದ್ದಾ? ಎಂತ ಅರ್ಥ ಆಯ್ತು ನಿಂಗೆ? ಹೇಳು ನೋಡುವ."

ಮುಖ ನೋಡಿ ಹೇಳುವುದು ಅವಳಿಗೆ ಸಾಧ್ಯವಿರಲಿಲ್ಲ. ಆದರೆ ಅವನು ತನ್ನ ಪುಸ್ತಕವನ್ನು ಮತ್ತೆ ಎತ್ತಿಕೊಂಡು ತೆರೆದು ಹಿಡಿದಿದ್ದ. ಅದರ ಮೇಲೆ ಬೆರಳಿಟ್ಟರೆ ಮುಖ ನೋಡಬೇಕಾಗಿಲ್ಲ.

"ಮದ್ಲ ಮಂದಿ ಎಲ್ಲಾ ಚಪ್ಪಾಳಿ ಹೊಡಿತಾರ್ರಿ. ಈ ಹಳದಿ ಬೂಟಿನವಾ ಇನ್ನೂ ಏನೂ ಮಾಡಿರಂಗಿಲ್ಲ. ಆದ್ರೂ ಹೊಡಿತಾರ."

"ನಮ್ಮ ಮಂತ್ರಿಗಳ ಹಾಗೆ" ಎಂದ ಸದಾನಂದ.

"ಆಮ್ಯಾಲ ಕಟ್ಟಿ ಹಾಕಿದ ಕಳ್ಳರನ್ನ ಬಿಚ್ಚಿ ಬಿಡತಾನ. ಪಾಪ ಅನಸ್ತೈತಿ ಅವಗ. ಇಲ್ಲಿ ರೈಲು ನೀರಾಗ ಐತ್ರಿ. ಮಂದೀನ ಒಬ್ಬೊಬ್ಬರನ್ನ ಎತಗೊಂಡು ಬಂದು ಅವರವರ ಜಾಗಾಕ ಕೂಡಸ್ತಾನ. ಎಲ್ಲಾರೂ ಕುಂತ ಮ್ಯಾಲ ರೈಲು ನೀರಿಂದ ಎದ್ದು ಪೂಲಿನ ಮ್ಯಾಲ ಹೋಗಿ ನಿಂದರತೈತಿ."

"ಸೇತುವೆ ಮುರಿದಿದೆಯಲ್ಲ?"

"ಅದನ್ನ ಕಳ್ಳರು ರಿಪೇರಿ ಮಾಡತಾರ. ಅವರ ಈ ಯಂತ್ರದಾಗ ಬೆಂಕಿ ಎಲ್ಲಾ ಹೊಳ್ಳಿ ಒಳಗ ಹೊಕ್ಕೈತಿ, ಪೂಲು ಕೂಡೈತಿ, ನೋಡ್ರಿ. ಮಾಡಿ ತಮ್ಮ ಮನಿಗೆ ಹೋಗತಾರ. ತಮ್ಮನ್ನ ಬಿಟ್ಟ ಋಣ ತೀರಸ್ತಾರ."

ರಾಜೀವಿಯ ಸಿಟ್ಟು ಎಲ್ಲಿಗೋ ಹೋಗಿತ್ತು. ಅವಳೂ ಬಗ್ಗಿ ನೋಡುತ್ತಿದ್ದಳು. ಇಷ್ಟು ವರ್ಷ ಈ ಪುಸ್ತಕಗಳನ್ನು ಬಾಡಿಗೆಗೆ ಕೊಟ್ಟವಳಿಗೆ ಅದರೊಳಗಿನ ಕತೆಯನ್ನು ಯಾರೂ ಕೂತು ಹೇಳಿರಲಿಲ್ಲ.

"ಮತ್ತೆ?" ಎಂದಳು.

"ಮತ್ತ ಕೆಲಸ ಮುಗೀತಲ್ರಿ. ಹಳದಿ ಬೂಟು ಬಿಚ್ಚಿ ಸಾದಾ ಅಂಗಿ ಹಾಕ್ಕೊಂತಾನ. ನಡಕೊಂತ ಹೋಟೆಲಿಗೆ ಹೋಗಿ ಕುಂದರತಾನ. ಭಾಳ ದಣದಾನ." ಅವಳ ಬೆರಳು ಕೊನೆಯ ಪುಟದ ಮೇಲಿನ ಚಿಕ್ಕ ಚೌಕಕ್ಕೆ ಬಂದು ನಿಂತಿತು. "ಇವಾ ಮೇಜು ಒರಸಿ ಅವಗ ಕಾಫಿ ಕೊಡತಾನ. ಅಲ್ಲಿಗೆ ಮುಗೀತ್ರಿ."

ಚೌಕದಲ್ಲಿ ಬಿಳಿ ಟೋಪಿಯ ಒಬ್ಬ ವೇಟರ್ ಇದ್ದ. ಹೆಗಲ ಮೇಲೆ ಬಟ್ಟೆ. ಕೈಯಲ್ಲಿ ಕಪ್ಪು.

ಸದಾನಂದ ಪುಸ್ತಕವನ್ನು ಹತ್ತಿರ ಹಿಡಿದ. ಈ ಕತೆಯನ್ನು ಅವನು ಮೊದಲೂ ಓದಿದ್ದ. ಅವಳ ಕೊನೆಯ ಪುಟವಾದ ಈ ಮೊದಲ ಪುಟವನ್ನು ಎಲ್ಲರಂತೆ ಅವನೂ ಹಾರಿಸಿ, ರೈಲು ಬೀಳುವಲ್ಲಿಗೆ ಓಡಿದ್ದ.

"ಇವನು ಇದ್ದದ್ದು ನಂಗೆ ಗೊತ್ತೇ ಇಲ್ಲ" ಎಂದ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಹೋದ.

ರಾಜೀವಿ ಮಿಕ್ಕ ಪುಸ್ತಕಗಳನ್ನು ಜೋಡಿಸಿಟ್ಟಳು. "ನೋಡು, ಇದು ಅಂಗಡಿ. ಉಲ್ಟಾ ಪುಸ್ತಕ ಕೊಟ್ರೆ ಜನ ಬರುದಿಲ್ಲ" ಎಂದಳು, ಮೊದಲಿನಷ್ಟು ಜೋರಾಗಿ ಅಲ್ಲ.

ಆ ವಾರವೆಲ್ಲ ಪವಾಯಿಗೆ ಒಯ್ಯುವ ಟ್ರಂಕು ಖೋಲಿಯ ನಡುವೆಯೇ ಇತ್ತು. ಹಜರತಬಿ ಅದರಲ್ಲಿ ಎರಡು ಜೊತೆ ಬಟ್ಟೆ ಮಡಚಿಟ್ಟಿದ್ದಳು. ಸದಾನಂದನ ರಜೆಯ ದಿನ ನೂರಜಹಾನ ಒಂದು ಬಟ್ಟಲು ನೀರು, ಒಂದು ಹಳೆಯ ಬಟ್ಟೆ ಹಿಡಿದು ಅಂಗಡಿಗೆ ಬಂದಳು. ಮುಖಚಿತ್ರಗಳನ್ನು ನೆನೆಸಿ ಕಿತ್ತು ಬೋಳು ರಟ್ಟಿಗೆ ಅಂಟಿಸುವುದು. ಅದು ಬಿಟ್ಟರೆ ಬೇರೆ ದಾರಿಯಿಲ್ಲ. ಅರ್ಧ ಚಿತ್ರಗಳು ಹರಿಯುತ್ತವೆ ಎಂದು ಅವಳ ಕೈಗೆ ಗೊತ್ತಿತ್ತು. ಅವಳ ಅಂಟು ಬಿಡುವ ಅಂಟಲ್ಲ.

ಬಟ್ಟೆ ನೀರಿಗೆ ಅದ್ದುವಾಗಲೇ ಸದಾನಂದ ಬಂದ. ಚೀಲದಿಂದ ಪುಸ್ತಕ ತೆಗೆದು ನೇರ ದಾರದ ಹತ್ತಿರ ಹೋದ. ಒಂದು ಕ್ಲಿಪ್ಪು ಹಾಕಿದ, ರಟ್ಟಿನ ಭಾರಕ್ಕೆ ಜಾರಿತು. ಇನ್ನೊಂದು ಹಾಕಿದ. ದಾರ ನಡುವಿನಲ್ಲಿ ಜಗ್ಗಿತು.

"ಹೋಟೆಲಿನಲ್ಲಿ ಎಲ್ಲರೂ ಓದಿದ್ರು ಅಕ್ಕ. ಸುರುವಿಂದ ಒಂದು ಸರ್ತಿ, ಆಮೇಲೆ ಇವಳ ಬದಿಯಿಂದ ಒಂದು ಸರ್ತಿ. ಅಡುಗೆ ಭಟ್ರು ಕಳ್ಳರು ರಿಪೇರಿ ಮಾಡುದನ್ನೇ ಮತ್ತೆ ಮತ್ತೆ ನೋಡಿದ್ರು. ಬೇರೆದ್ದೂ ಹೀಗೇ ಉಂಟಾ ಅಂತ ಕೇಳ್ತಾ ಇದ್ದಾರೆ."

ರಾಜೀವಿ ದಾರವನ್ನು ನೋಡಿದಳು, ನೀರಿನ ಬಟ್ಟಲನ್ನು ನೋಡಿದಳು.

"ಅದನ್ನು ಚೆಲ್ಲು" ಎಂದಳು. "ಬೋಳು ರಟ್ಟಿಗೂ ಒಂದೊಂದು ಚಿತ್ರ ಅಂಟಿಸು. ಎರಡು ಬದಿಗೂ ಬಾಗಿಲು ಇರ್ಲಿ. ನಾಳೆಯಿಂದ ಬೆಳಿಗ್ಗೆಯೇ ಬಾ. ಅಮ್ಮನ ಹತ್ರ ನಾನು ಈಗಲೇ ಹೋಗಿ ಮಾತಾಡ್ತೇನೆ." ಸೆರಗು ಸರಿ ಮಾಡಿಕೊಂಡು ಅಂಗಳ ದಾಟಿ ಎದುರಿನ ಖೋಲಿಗೆ ನಡೆದಳು.

ನೂರಜಹಾನ ಅವಳ ಬೆನ್ನನ್ನೇ ನೋಡುತ್ತ ಕೂತಳು. ಆಮೇಲೆ ಬಟ್ಟಲಿನ ನೀರು ಚೆಲ್ಲಲು ಎದ್ದು ಹೋದಳು. ಬರುವಷ್ಟರಲ್ಲಿ ಸದಾನಂದನೂ ಅಲ್ಲಿರಲಿಲ್ಲ.

ಅವನು ಮರಳಿದಾಗ ಕೈಯಲ್ಲಿ ಮೂಲೆಯ ಅಂಗಡಿಯ ಕಾಫಿ ತುಂಬಿದ ಗಾಜಿನ ಲೋಟವಿತ್ತು, ಹಬೆ ಏಳುತ್ತಿತ್ತು. ಅವಳ ಮುಂದಿನ ಹಲಗೆಯ ಮೇಲೆ ದಾರದ ತುಂಡು, ಒಣಗಿದ ಮೈದಾ, ಕತ್ತರಿ. ಸದಾನಂದ ಕತ್ತರಿಯನ್ನು ಬದಿಗಿಟ್ಟ. ಕಿಸೆಯಿಂದ ಕರವಸ್ತ್ರ ತೆಗೆದು, ದಿನಾ ಕೆಲಸದಲ್ಲಿ ಒರೆಸುವ ಹಾಗೆ, ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒರೆಸಿದ. ಆಮೇಲೆ ಲೋಟವನ್ನು ಅವಳ ಮುಂದೆ ಇಟ್ಟ.